ಮೊದಲ ಪ್ರಯತ್ನಕ್ಕೆ ಅಂಕ ಬೇಡ

ಹೈಸ್ಕೂಲಿಗೆ ಬರುವಷ್ಟರಲ್ಲಿ ನಮ್ಮ ಮಕ್ಕಳು, ಸರಿಯುತ್ತರ ಗೊತ್ತಿದ್ದರೆ ಮಾತ್ರ ಕೈ ಎತ್ತಬೇಕು ಎಂಬುದನ್ನು ಚೆನ್ನಾಗಿ ಕಲಿತುಬಿಟ್ಟಿರುತ್ತಾರೆ. ಆ ಅಂಜಿಕೆ ಬಿಡಿಸಲು ಡಿಸೈನ್ ಥಿಂಕಿಂಗ್, ಅಂದರೆ ಜನರ ತೊಂದರೆಯನ್ನು ಹತ್ತಿರದಿಂದ ನೋಡಿ, ಪರಿಹಾರವನ್ನು ಮಾಡಿ ನೋಡಿ ತಿದ್ದುತ್ತಾ ಹೋಗುವ ವಿಧಾನ, ಒಳ್ಳೆಯ ದಾರಿ.

ಅಹಮದಾಬಾದಿನ ರಿವರ್‌ಸೈಡ್ ಶಾಲೆ ಕಟ್ಟಿದ ಕಿರಣ್ ಬೀರ್ ಸೇಠಿ ಓದಿದ್ದು ವಿನ್ಯಾಸ. 2009ರಲ್ಲಿ ಅವರು ಶುರು ಮಾಡಿದ ‘ಡಿಸೈನ್ ಫಾರ್ ಚೇಂಜ್’ ಅಭಿಯಾನ ಈ ವಿಧಾನವನ್ನು ನಾಲ್ಕೇ ಹೆಜ್ಜೆಗೆ ಇಳಿಸಿತು: ಅನುಭವಿಸು, ಕಲ್ಪಿಸು, ಮಾಡು, ಹಂಚಿಕೋ.

ಇದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಬಿಸಿಯೂಟವಾದ ಮೇಲೆ ತಟ್ಟೆ ತೊಳೆಯುವ ನಲ್ಲಿಯ ಹತ್ತಿರದ ನೂಕುನುಗ್ಗಲನ್ನೇ ತೆಗೆದುಕೊಳ್ಳಿ. ಒಂಬತ್ತನೇ ತರಗತಿಯವರು ಅಲ್ಲಿ ನಿಂತು ನೋಡಲಿ, ಚಿಕ್ಕವರನ್ನು ಮಾತಾಡಿಸಲಿ. ಪುಟ್ಟ ಕೈಗಳಿಗೆ ನಲ್ಲಿ ಎಟುಕದೆ ಸಾಲು ನಿಂತುಹೋಗುತ್ತಿದೆ ಎಂಬುದು ಆಗ ಹೊಳೆಯಬಹುದು. ತೋಚಿದ ಉಪಾಯಗಳನ್ನೆಲ್ಲ ಬರೆಯಲಿ. ಇಟ್ಟಿಗೆ ಜೋಡಿಸಿ ಒಂದು ಮೆಟ್ಟಿಲು ಮಾಡಿ, ತಾವೇ ಹತ್ತಿ ನೋಡಲಿ. ಅಲುಗಾಡಿದರೆ ಬಿಚ್ಚಿ ಮತ್ತೆ ಕಟ್ಟಲಿ.

ಆ ಹೊತ್ತಿನಲ್ಲಿ ಮೇಷ್ಟ್ರು ಉತ್ತರ ಹೇಳಿಕೊಡಬಾರದು, ಅಂಕವನ್ನೂ ಹಾಕಬಾರದು. ತಾನು ಮಾಡಿದ್ದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂತು ಎಂದು ಕಣ್ಣಾರೆ ಕಂಡ ಹುಡುಗಿಗೆ ಧೈರ್ಯದ ಪಾಠ ಬೇರೆ ಬೇಕಾಗುವುದಿಲ್ಲ.

ಶಿಕ್ಷಕ ಮಿತ್ರರೇ, ವಾರಕ್ಕೊಂದು ಪೀರಿಯಡ್ ಇದಕ್ಕೆ ಕೊಟ್ಟು ನೋಡಿ.