ಬಲಪುಟ

ನಾನು ಬಾಡಿಗೆಗಿರುವ ಮನೆಯ ಯಜಮಾನರಿಗೆ ಎಪ್ಪತ್ತಾರು ವರ್ಷ. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು. ಹಜಾರದ ಗೋಡೆಯಲ್ಲಿ ಅವರ ಮದುವೆಯ ಫೋಟೋಗಿಂತ ಒಂದು ಗೇಣು ಮೇಲೆ, ಚೌಕಟ್ಟು ಹಾಕಿದ ಒಂದು ಹಳೆಯ ಕಾಗದವಿದೆ. ಗ್ರೀನ್ ಬೇ ಪ್ಯಾಕರ್ಸ್ ತಂಡದ ಷೇರು ಪತ್ರ ಅದು. 1950ರಲ್ಲಿ ಅವರ ಅಪ್ಪ 25 ಡಾಲರ್ ಕೊಟ್ಟು ಕೊಂಡದ್ದು. ಅದಕ್ಕೆ ಲಾಭಾಂಶವಿಲ್ಲ, ಮಾರಿ ದುಡ್ಡು ಮಾಡುವಂತೆಯೂ ಇಲ್ಲ. "ಮತ್ತೆ ಇದರಿಂದ ಏನು ಉಪಯೋಗ?" ಎಂದು ಬಂದ ಹೊಸದರಲ್ಲಿ ಕೇಳಿದ್ದೆ. "ತಂಡವನ್ನು ಬೈಯುವ ಹಕ್ಕು" ಅಂದಿದ್ದರು.

ಆ ಹಕ್ಕನ್ನು ಅವರು ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯಲ್ಲಿ, ಪೂರ್ತಿಯಾಗಿ ಚಲಾಯಿಸುತ್ತಾರೆ. ಅಮೆರಿಕನ್ ಫುಟ್‌ಬಾಲಿನ 32 ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 'ಡ್ರಾಫ್ಟ್' ನಡೆಯುವುದು ಆಗ. ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ದುಡ್ಡು ಕೂಗುವುದಿಲ್ಲ, ಸರದಿಯ ಪ್ರಕಾರ ಹೆಸರು ಕೂಗುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಹೆಸರು ಬಿದ್ದ ಗಳಿಗೆಯಲ್ಲೇ ಅಭಿಮಾನಿಗಳು ಶಾಲೆಯ ಮೇಷ್ಟ್ರಂತೆ ಎ, ಬಿ, ಸಿ ಎಂದು ಅಂಕ ಕೊಡತೊಡಗುತ್ತಾರೆ. ಆಯ್ಕೆಯಾದ ಹುಡುಗ ಇನ್ನೂ ಹೊಸ ಜರ್ಸಿ ಹಾಕಿ ಒಂದು ಹೆಜ್ಜೆಯನ್ನೂ ಓಡಿರುವುದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ವಿವರಿಸಿದರೆ ನನ್ನ ತಮ್ಮನಿಗೆ ಏನೂ ವಿಶೇಷ ಅನ್ನಿಸಲಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ಆರ್‌ಸಿಬಿಗೆ ಕೆ.ಎಲ್. ರಾಹುಲ್ ಸಿಗಲಿಲ್ಲವೆಂದು ಅವನು ಆ ರಾತ್ರಿ ಊಟ ಬಿಟ್ಟಿದ್ದ. ಮುಂದಿನ ಜೂನ್‌ನಲ್ಲಿ ಅದೇ ತಂಡ ಕಪ್ ಗೆದ್ದಾಗ, ಊಟ ಬಿಟ್ಟದ್ದು ಅವನಿಗೆ ನೆನಪೇ ಇರಲಿಲ್ಲ.

ನಮ್ಮ ಯಜಮಾನರು ಮರೆಯುವುದಿಲ್ಲ. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಪುಟದಲ್ಲಿ ಆ ರಾತ್ರಿ ಕೊಟ್ಟ ಅಂಕ. ಬಲಪುಟ ಖಾಲಿ. ಮೂರು ವರ್ಷ ಕಳೆದ ಮೇಲೆ ಅಲ್ಲಿ ಬರೆಯುತ್ತಾರೆ. 1989ರ ಎಡಪುಟದಲ್ಲಿ ಟೋನಿ ಮ್ಯಾಂಡರಿಚ್ ಹೆಸರಿನ ಮುಂದೆ 'ಎ ಪ್ಲಸ್', ಅಡಿಗೆರೆ ಎರಡು. ಇಡೀ ದೇಶದಲ್ಲಿ ಎರಡನೆಯವನಾಗಿ ಆಯ್ಕೆಯಾದ ದೈತ್ಯ ಅವನು. ಬಲಪುಟದಲ್ಲಿ ಅವನ ಬಗ್ಗೆ ಒಂದು ಮಾತೂ ಇಲ್ಲ. ಅವನ ನಂತರದ ಮೂರು ಸರದಿಗಳಲ್ಲಿ ಬೇರೆ ತಂಡಗಳಿಗೆ ಹೋದವರ ಹೆಸರು ಮಾತ್ರ ಇದೆ: ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯೋನ್ ಸ್ಯಾಂಡರ್ಸ್. ಮೂವರೂ ಹಾಲ್ ಆಫ್ ಫೇಮ್ ಸೇರಿದರು. ಮ್ಯಾಂಡರಿಚ್ ಮೂರು ಸೀಸನ್ ಆಡಿ ತಂಡದಿಂದ ಹೊರಬಿದ್ದ.

2005ರ ಪುಟ ಇನ್ನೂ ಚೆನ್ನಾಗಿದೆ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಆಗ ಊರಿನ ಆರಾಧ್ಯದೈವ ಬ್ರೆಟ್ ಫಾರ್ವ್ ಇದ್ದರು. ಆದರೂ ತಂಡ 24ನೇ ಸರದಿಯಲ್ಲಿ ಆರನ್ ರಾಜರ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ತಂದಿತು. ಅಂಕ ಸಿ. "ಇವನು ಯಾಕೆ?" ಹುಡುಗ ಮೂರು ವರ್ಷ ಬೆಂಚಿನಲ್ಲಿ ಕಾದ. 2008ರಲ್ಲಿ ಜಾಗ ಸಿಕ್ಕಿದ ವರ್ಷ ತಂಡ ಆರು ಗೆದ್ದು ಹತ್ತು ಸೋತಿತು. ಬಲಪುಟದಲ್ಲಿ "ಇನ್ನೂ ಗೊತ್ತಿಲ್ಲ". ಅದರ ಕೆಳಗೆ ಬೇರೆ ಶಾಯಿಯಲ್ಲಿ, 2011ರ ಫೆಬ್ರವರಿಯಲ್ಲಿ, ಸೂಪರ್ ಬೌಲ್ ಗೆದ್ದ ರಾತ್ರಿ ಬರೆದದ್ದು ಒಂದೇ ಪದ: "ಕ್ಷಮಿಸು". ಅಷ್ಟಾದರೂ 2020ರಲ್ಲಿ, ಅದೇ ರಾಜರ್ಸ್ ಇರುವಾಗ, ತಂಡ 26ನೇ ಸರದಿಯಲ್ಲಿ ಜಾರ್ಡನ್ ಲವ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿದಾಗ ಇವರು 'ಎಫ್' ಕೊಟ್ಟರು. ಅವನೂ ಮೂರು ವರ್ಷ ಕಾದ. 2024ರ ಜನವರಿಯಲ್ಲಿ ಡಲ್ಲಾಸ್ ತಂಡವನ್ನು ಅವರ ಊರಲ್ಲೇ 48-32ರಿಂದ ಸೋಲಿಸಿದ. ಅಂದು ಯಜಮಾನರು ನೋಟ್‌ಬುಕ್ ನನ್ನ ಕೈಗೇ ಕೊಟ್ಟು, "ನೀನೇ ಓದು, ನನಗೆ ನಾಚಿಕೆ" ಅಂದರು.

ಓದುತ್ತ ನನಗೆ ನನ್ನದೇ ಒಂದು ಎಡಪುಟ ನೆನಪಾಯಿತು.

ನಾನಿಲ್ಲಿ ಮಣ್ಣಿನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರತಿ ಮಾರ್ಚ್‌ನಲ್ಲಿ ಸೀಟು ಸಿಕ್ಕ ಹೊಸಬರು ವಿಭಾಗ ನೋಡಲು ಬರುತ್ತಾರೆ. ಅವರನ್ನು ಊಟಕ್ಕೆ ಕರೆದೊಯ್ಯುವುದು ನಮ್ಮ ಕೆಲಸ. ಅವರು ಹೋದ ಮೇಲೆ ಹರಟೆಯಲ್ಲಿ ಅಂಕ ಕೊಡುವುದೂ ನಡೆಯುತ್ತದೆ. ನನ್ನ ಮೊದಲ ವರ್ಷ ಬಂದವಳೊಬ್ಬಳು ಊಟದುದ್ದಕ್ಕೂ ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದಳು: "ಪ್ರಯೋಗ ಕೆಟ್ಟರೆ ಇಲ್ಲಿ ಎಷ್ಟು ದಿನ ಹಾಳಾಗುತ್ತದೆ?" ಅವಳು ಹೋದ ಮೇಲೆ ನಾನು, "ಇವಳು ಎರಡನೇ ವರ್ಷ ದಾಟುವುದಿಲ್ಲ, ಈಗಲೇ ಹೆದರಿದ್ದಾಳೆ" ಅಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಬೇಕಿತ್ತು. ಬಂದು ಏಳು ತಿಂಗಳಾಗಿದ್ದರೂ ಆ ಮೇಜಿನಲ್ಲಿ ನಾನು ಹೇಳಿದ್ದಕ್ಕೆ ಯಾರಾದರೂ ನಕ್ಕಿದ್ದು ಅದೇ ಮೊದಲು.

ಮರುವರ್ಷ ಫ್ರೀಜರ್ ಕೆಟ್ಟು ನನ್ನ ಮಾದರಿಗಳೆಲ್ಲ ಹಾಳಾದವು. ಹತ್ತು ತಿಂಗಳ ಕೆಲಸ. ಅವಳು ಕೇಳಿದ ಪ್ರಶ್ನೆಗೆ ಉತ್ತರ ನನಗೇ ಸಿಕ್ಕಿತು. ಅಪ್ಪನಿಗೆ ಫೋನಿನಲ್ಲಿ ಎಲ್ಲ ಸರಿಯಿದೆ ಎಂದು ಸುಳ್ಳು ಹೇಳಿದೆ. ಮಾದರಿಗಳನ್ನು ಮತ್ತೆ ಅಗೆದು ತರಲು ಜೋಳದ ಹೊಲಕ್ಕೆ ನನ್ನ ಜೊತೆ ಆರು ದಿನ ಬಂದವಳು ಅವಳೇ. ಹೆದರಿದ್ದಕ್ಕೇ ಅವಳು ತನ್ನ ಮಾದರಿಗಳನ್ನು ಎರಡು ಫ್ರೀಜರಿನಲ್ಲಿ ಇಟ್ಟಿದ್ದಳು.

2025ರ ಡ್ರಾಫ್ಟ್ ಗ್ರೀನ್ ಬೇ ಊರಿನಲ್ಲೇ ನಡೆಯಿತು. ಒಂದು ಲಕ್ಷ ಚಿಲ್ಲರೆ ಜನರ ಊರು, ಸ್ಟೇಡಿಯಂ ಸುತ್ತ ಜಾತ್ರೆ. ಏಪ್ರಿಲ್ 24ರ ರಾತ್ರಿ ಯಜಮಾನರ ಜೊತೆ ನಾನೂ ಅಲ್ಲಿದ್ದೆ. 23ನೇ ಸರದಿಯಲ್ಲಿ ಓಡಿ ಚೆಂಡು ಹಿಡಿಯುವ ಮ್ಯಾಥ್ಯೂ ಗೋಲ್ಡನ್ ಹೆಸರು ಬಂತು. ಮೊದಲ ಸುತ್ತಿನಲ್ಲಿ ತಂಡ ಅಂಥ ಆಟಗಾರನನ್ನು ಆರಿಸಿದ್ದು 2002ರ ನಂತರ ಇದೇ ಮೊದಲು. ಜನ ಕುಣಿದರು. ಪಕ್ಕದಲ್ಲಿದ್ದವರೊಬ್ಬರು ಮಾತ್ರ, "ನಮಗೆ ಬೇಕಾಗಿದ್ದು ತಡೆಯುವವನು, ಹಿಡಿಯುವವನಲ್ಲ" ಎಂದು ತಲೆ ಚಚ್ಚಿಕೊಂಡರು. ಯಜಮಾನರು ನೋಟ್‌ಬುಕ್ ತೆಗೆದು ನನ್ನತ್ತ ಚಾಚಿದರು. "ಈ ಸಲ ನೀನು ಬರಿ."

ಗೊತ್ತಿಲ್ಲ ಎಂದು ಜಾರಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. "ಗೊತ್ತಿದ್ದವರು ಯಾರೂ ಇಲ್ಲ. ಪ್ರೀತಿಯಿದ್ದವರು ಅಂಕ ಕೊಡದೆ ಇರುವುದೂ ಇಲ್ಲ. ಪುಟ ಹರಿಯಬಾರದು, ಅಷ್ಟೆ." 'ಬಿ' ಎಂದು ಬರೆದು ಸಹಿ ಹಾಕಿದೆ. ಬಲಪುಟ ತುಂಬುವುದು 2028ಕ್ಕೆ. ಆಗ ನಾನೆಲ್ಲಿರುತ್ತೇನೋ.

ಮರುವಾರ ಲ್ಯಾಬಿನಲ್ಲಿ ಅವಳಿಗೆ, ಮೂರು ವರ್ಷದ ಹಿಂದೆ ಆ ಊಟದ ನಂತರ ನಾನು ಹೇಳಿದ್ದನ್ನು ಹೇಳಿಬಿಟ್ಟೆ. ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ನಾನು ಅವತ್ತು ನಿನಗೆ ಎಷ್ಟು ಕೊಟ್ಟಿದ್ದೆ ಅಂತ ಕೇಳಬೇಡ" ಅಂದಳು, ಮತ್ತೆ ಮಣ್ಣು ಜರಡಿ ಹಿಡಿಯತೊಡಗಿದಳು.