ರೋಕಾ ಇದ್ದಾಗ

ಕಲಬುರಗಿ ಕಡೆಯವರು ಒಂದಷ್ಟು ಮಂದಿ ಬೆಂಗಳೂರಿನಲ್ಲಿ ಸೇರಿದಾಗ ಮಾತು ಎಲ್ಲಿಂದಲೇ ಶುರುವಾಗಲಿ, ಊಟದ ಹೊತ್ತಿಗೆ ಯಾರಾದರೊಬ್ಬರು ‘ರೋಕಾ ಇದ್ದಾಗ...’ ಎಂದು ತೆಗೆದೇ ತೆಗೆಯುತ್ತಾರೆ. ಆಮೇಲೆ ಊರಿನ ಮಳೆ, ತೊಗರಿ ರೇಟು, ಮನೆ ಬಾಡಿಗೆ ಯಾವುದೂ ನಡೆಯುವುದಿಲ್ಲ. ಆಲ್ಬರ್ಟ್ ರೋಕಾ ಬೆಂಗಳೂರು ಎಫ್‌ಸಿಯ ಕೋಚ್ ಆಗಿದ್ದದ್ದು 2016ರ ಜುಲೈನಿಂದ 2018ರವರೆಗೆ, ಎರಡೇ ಹಂಗಾಮು. ಆ ಎರಡು ಹಂಗಾಮಿನ ಅತಿ ದೊಡ್ಡ ಎರಡು ಫೈನಲ್‌ಗಳನ್ನೂ ನಾವು ಸೋತೆವು. ಆದರೂ ನೆನಪಾಗುವುದು ಅವರೇ.

ನಮ್ಮ ಶರಣಸಿರಸಗಿಯಲ್ಲಿ ನಾನು ಬೆಳೆಯುವಾಗ ಫುಟ್‌ಬಾಲ್ ಯಾರಿಗೂ ಬೇಕಿರಲಿಲ್ಲ. ಕುಸ್ತಿ, ಕಬಡ್ಡಿ, ರಾಶಿ ಮುಗಿದ ಹೊಲದಲ್ಲಿ ಕ್ರಿಕೆಟ್. ಹುಚ್ಚು ಹತ್ತಿದ್ದು ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ. ರೂಮಿನ ಗೆಳೆಯ ಕಂಠೀರವ ಕ್ರೀಡಾಂಗಣಕ್ಕೆ ಎಳೆದುಕೊಂಡು ಹೋಗಿ ವೆಸ್ಟ್ ಬ್ಲಾಕಿನಲ್ಲಿ ಕೂರಿಸಿದ. ಕೂರಿಸಿದ ಅನ್ನುವುದು ಸುಳ್ಳು, ಅಲ್ಲಿ ಆಟ ಮುಗಿಯುವ ತನಕ ಯಾರೂ ಕೂರುವುದಿಲ್ಲ. ಡ್ರಮ್ಮು, ನೀಲಿ ಬಾವುಟ, ಗಂಟಲು ಹರಿಯುವಂತೆ ಹಾಡು. ಮರುದಿನ ಆಫೀಸಿನಲ್ಲಿ ನನ್ನ ದನಿಯೇ ಹೊರಡಲಿಲ್ಲ.

2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟಿದ್ದರು. 2016ರಲ್ಲಿ ಇನ್ನೊಮ್ಮೆ ಗೆದ್ದು ಹೊರಟರು. ಅಂಥವರ ಜಾಗಕ್ಕೆ ಬಂದವರನ್ನು ನಾವು ಅನುಮಾನದಿಂದಲೇ ನೋಡಿದೆವು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರಂತೆ, ಎಲ್ ಸಾಲ್ವಡೋರ್ ದೇಶದ ತಂಡ ನಡೆಸಿದವರಂತೆ. ‘ಅಲ್ಲಿ ಮೆಸ್ಸಿ ಇದ್ದ, ಇಲ್ಲಿ ಯಾರದಾರೋ?’ ಎಂದು ನಮ್ಮಲ್ಲೊಬ್ಬ ಕೇಳಿದ್ದ.

ರೋಕಾ ಮೊದಲು ಬದಲಿಸಿದ್ದು ಗೋಲಿಯ ಕೆಲಸವನ್ನು. ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಒದೆಯುವುದು ಬಂದ್. ಗೋಲಿಯಿಂದ ಡಿಫೆಂಡರ್‌ಗೆ, ಅಲ್ಲಿಂದ ಪಕ್ಕದವನಿಗೆ, ಮತ್ತೆ ಹಿಂದಕ್ಕೆ. ಎದುರಾಳಿ ಮೈಮೇಲೆ ಬರುತ್ತಿದ್ದರೂ ಹುವಾನನ್, ಜಾನ್ಸನ್ ಸಾವಕಾಶ ಪಾಸು ಕೊಡುತ್ತಿದ್ದರು. ನಮಗೆ ಜೀವ ಬಾಯಿಗೆ. ‘ಹೊಡೀಲೇ ಮುಂದಕ!’ ಎಂದು ಒದರುತ್ತಿದ್ದೆವು. ಅವರ ಮೊದಲ ಹಂಗಾಮಿನ ಐ-ಲೀಗಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದಾಗ ಗೊಣಗಿದವರೂ ಇದ್ದರು, ನಾನೂ ಅವರಲ್ಲೊಬ್ಬ. ಆದರೆ ಒದರಾಟ ಮಾತ್ರ ಕ್ರಮೇಣ ನಿಂತಿತು. ಪಾಸುಗಳ ಸರಪಳಿ ಉದ್ದವಾದಷ್ಟೂ ಚಪ್ಪಾಳೆ ಏರತೊಡಗಿತು. ಆಟಗಾರರಿಗಿಂತ ನಮಗೇ ಹೆಚ್ಚು ತರಬೇತಿ ಬೇಕಿತ್ತೇನೋ.

2016ರ ಅಕ್ಟೋಬರ್ 19ರ ರಾತ್ರಿಯನ್ನು ಮಾತ್ರ ಯಾರೂ ಬೇಗ ಹೇಳಿ ಮುಗಿಸುವುದಿಲ್ಲ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅವರ ನೆಲದಲ್ಲಿ 1-1 ಆಗಿತ್ತು. ಇಲ್ಲಿ ಮೊದಲು ಗೋಲು ಹೊಡೆದವರೂ ಅವರೇ. ಕಂಠೀರವ ಒಂದು ಕ್ಷಣ ಮೂಕವಾಯಿತು. ಅರ್ಧವಿರಾಮಕ್ಕೆ ಮೊದಲು ನಮ್ಮ ನಾಯಕ ಛೆಟ್ರಿ ತಲೆಯಿಂದ ಒಂದು, ಆಮೇಲೆ ದೂರದಿಂದ ಬಾರಿಸಿ ಇನ್ನೊಂದು, ಕೊನೆಗೆ ಹುವಾನನ್‌ದು. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್‌ನ ಫೈನಲ್ ಮುಟ್ಟಿರಲಿಲ್ಲ. ಹೊರಗೆ ಬಂದಾಗ ಗುರುತಿಲ್ಲದವರೆಲ್ಲ ಅಪ್ಪಿಕೊಂಡರು. ರೂಮಿಗೆ ನಡೆದೇ ಹೋದೆವು, ಬಸ್ಸು ಇದ್ದರೂ.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ದೀಪಾವಳಿಗೆ ಊರಿಗೆ ಹೋದವನು ಅಲ್ಲೇ ಉಳಿದಿದ್ದೆ. ಟಿವಿ ಮುಂದೆ ನಾನು, ಪಕ್ಕದಲ್ಲಿ ಹಳೆಯ ಪೈಲ್ವಾನ ನಮ್ಮ ಕಾಕಾ.

‘ಅಲ್ಲೋ ತಮ್ಮಾ, ಅಂವಾ ಹೊರಗ ನಿಂತು ಯಾರಿಗಿ ಒದರ್ಲತ್ಯಾನ?’

‘ಅಂವಾ ಇವರ ವಸ್ತಾದ್ ಇದ್ದಂಗ, ಕಾಕಾ.’

ಅಷ್ಟು ಸಾಕಾಯಿತು. ಆಮೇಲೆ ಕಾಕಾ ಚೆಂಡು ನೋಡಲಿಲ್ಲ, ಗೆರೆಯಾಚೆ ನಿಂತ ಆ ಮನುಷ್ಯನನ್ನೇ ನೋಡಿದರು. ಕಾರ್ಡುಗಳಿಂದಾಗಿ ಗೋಲಿ ಅಮರಿಂದರ್ ಆಡುವಂತಿರಲಿಲ್ಲ. ಇರಾಕಿನ ಏರ್ ಫೋರ್ಸ್ ಕ್ಲಬ್ಬಿನ ಹಮ್ಮಾದಿ ಅಹ್ಮದ್ 70ನೆಯ ನಿಮಿಷದಲ್ಲಿ ಗೋಲು ಹೊಡೆದ. 1-0, ಮುಗಿಯಿತು. ‘ಹುಡುಗ್ರು ಛಲೋ ಆಡಿದ್ರು. ವಸ್ತಾದಗ ಬೈಬ್ಯಾಡ್ರಿ’ ಎಂದು ಕಾಕಾ ಎದ್ದು ಹೋದರು. ಮೂರು ದಿನಕ್ಕೆ 500, 1000ದ ನೋಟು ರದ್ದಾಗಿ ಊರೆಲ್ಲ ಬ್ಯಾಂಕಿನ ಮುಂದೆ ನಿಂತಿತು. ದೋಹಾದ ದುಃಖ ಹಂಚಿಕೊಳ್ಳಲು ನನಗೆ ಆ ಸಾಲಿನಲ್ಲಿ ಸಿಕ್ಕವರು ಕಾಕಾ ಒಬ್ಬರೇ.

ಮರುವರ್ಷ ಕಟಕ್‌ನಲ್ಲಿ ಫೆಡರೇಷನ್ ಕಪ್ ಬಂತು, ವಿನೀತ್ ಹೆಚ್ಚುವರಿ ವೇಳೆಯಲ್ಲಿ ಎರಡು ಹೊಡೆದು ಮೋಹನ್ ಬಗಾನನ್ನು ಕೆಡವಿದ. ಆಮೇಲೆ ತಂಡ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಸೇರಿತು. ಅಲ್ಲಿನ ಮೊದಲ ಹಂಗಾಮಿನಲ್ಲೇ 18 ಪಂದ್ಯಗಳಿಂದ 40 ಅಂಕ ಗಳಿಸಿ ತಂಡ ಪಟ್ಟಿಯ ಮೇಲಿತ್ತು, ಎರಡನೆಯವರಿಗೆ 32. ಮಿಕು, ಉದಾಂತ, ಛೆಟ್ರಿ ಆಡಿದ ಆ ಆಟವನ್ನು ಮತ್ತೆ ಅದೇ ಹದದಲ್ಲಿ ನಾನು ಕಂಡಿಲ್ಲ. ಫೈನಲ್ ನಮ್ಮದೇ ಕಂಠೀರವದಲ್ಲಿ, 2018ರ ಮಾರ್ಚ್ 17, ಯುಗಾದಿಯ ಹಿಂದಿನ ದಿನ. ಕಲಬುರಗಿಯ ರಾತ್ರಿ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿ, ಮನೆಯವರಿಂದ ಬೈಸಿಕೊಂಡು ಹೋದವರು ನಾವು. ಒಂಬತ್ತನೆಯ ನಿಮಿಷಕ್ಕೇ ಛೆಟ್ರಿ ಗೋಲು. ನಂತರ ಚೆನ್ನೈಯಿನ್‌ನ ಮೈಲ್ಸನ್, ಎರಡು ಕಾರ್ನರ್, ಎರಡು ಹೆಡರ್. 2-3. ಇಡೀ ಹಂಗಾಮು ನೆಲದ ಮೇಲೆ ಚೆಂಡಾಡಿದವರು ಗಾಳಿಯ ಚೆಂಡಿಗೆ ಸೋತರು. ಮುಂದಿನ ತಿಂಗಳು ಸೂಪರ್ ಕಪ್ ಗೆದ್ದುಕೊಟ್ಟು ರೋಕಾ ಹೊರಟರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2019ರ ಅದೇ ಮಾರ್ಚ್ 17ರಂದು ಐಎಸ್‌ಎಲ್ ಕಪ್ ಎತ್ತಿಸಿದರು. ಆ ರಾತ್ರಿಯೂ ನಮ್ಮಲ್ಲಿ ಅರ್ಧ ಮಾತು ರೋಕಾ ಅವರದೇ.

2020ರಲ್ಲಿ ಅವರು ಹೈದರಾಬಾದ್ ಎಫ್‌ಸಿಗೆ ಬರುತ್ತಾರೆಂಬ ಸುದ್ದಿ ಬಂದಾಗ ನಮಗೆ ಧರ್ಮಸಂಕಟ. ಕಲಬುರಗಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆಸ್ಪತ್ರೆಗೂ ಮದುವೆ ಬಟ್ಟೆಗೂ ನಮ್ಮವರು ಹೋಗುವುದು ಅಲ್ಲಿಗೇ. ಪಕ್ಷ ಬದಲಿಸಬೇಕೇ ಬೇಡವೇ ಎಂದು ಲಾಕ್‌ಡೌನಿನಲ್ಲಿ ಫೋನಿನ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ತೀರ್ಪಾಗುವ ಮೊದಲೇ, ಹಂಗಾಮು ಶುರುವಾಗುವ ಮೊದಲೇ, ಬಾರ್ಸಿಲೋನಾ ಅವರನ್ನು ಆಟಗಾರರ ದೈಹಿಕ ತರಬೇತಿಗೆಂದು ವಾಪಸ್ಸು ಕರೆಸಿಕೊಂಡಿತು. ‘ಚಲೋ ಆತು ಬಿಡ್ರಿ’ ಎಂದ ರೂಮಿನ ಗೆಳೆಯ, ‘ನೀಲಿ ಅಂಗಿ ಇನ್ನಾ ಹರದಿಲ್ಲ.’