ಬಾಗಿಲುಗಳನ್ನು ಎಣಿಸುವ ನಾಡಿನಲ್ಲಿ

ಟೋಕಿಯೊದ ಶಿಂಜುಕು ನಿಲ್ದಾಣದಲ್ಲಿ ರೈಲು ಇಳಿದಾಗ ಸಂಜೆ ಆರು ಗಂಟೆ. ಜನ ಹೊಳೆಯಂತೆ ಹರಿಯುತ್ತಿದ್ದರು, ಆದರೆ ಗದ್ದಲವಿಲ್ಲ. ನಮ್ಮ ಮೆಜೆಸ್ಟಿಕ್‌ನಲ್ಲಿ ಇದರ ಹತ್ತರಲ್ಲೊಂದು ಪಾಲು ಜನ ಸೇರಿದರೂ ಏಳುವ ಕೂಗಾಟ ಇಲ್ಲಿಲ್ಲ. ಸಾವಿರಾರು ಬೂಟುಗಳ ಸಪ್ಪಳ ಮಾತ್ರ, ಜೋರು ಮಳೆ ಹೆಂಚಿನ ಮೇಲೆ ಬಿದ್ದ ಹಾಗೆ. ಎಲ್ಲಿಂದಲೋ ಬಿಸಿ ಸಾರಿನ ವಾಸನೆ ತೇಲಿ ಬರುತ್ತಿತ್ತು. ಕೊರೊನಾಕ್ಕೆ ಮೊದಲು ಈ ಒಂದೇ ನಿಲ್ದಾಣವನ್ನು ದಿನಕ್ಕೆ ಸುಮಾರು 35 ಲಕ್ಷ ಜನ ಬಳಸುತ್ತಿದ್ದರು. ಮೈಸೂರಿನಂಥ ಮೂರು ಊರುಗಳು ದಿನವೂ ಒಂದೇ ಸೂರಿನಡಿ ಬಂದು ಹೋದಂತೆ! ಹೊರಗೆ ಹೋಗುವ ದಾರಿಗಳೇ 200ಕ್ಕಿಂತ ಹೆಚ್ಚು. ಫೋನ್ ತೆಗೆದು ನಕ್ಷೆ ನೋಡಿದೆ. ನಾನಿದ್ದದ್ದು ನೆಲದಡಿಯ ಓಣಿಯಲ್ಲಿ. ನನ್ನನ್ನು ತೋರಿಸಬೇಕಾದ ನೀಲಿ ಚುಕ್ಕಿ ಮಾತ್ರ ಮೇಲಿನ ರಸ್ತೆಯ ಆಚೆಗೆ, ದೊಡ್ಡ ಕಟ್ಟಡವೊಂದರ ನಟ್ಟನಡುವೆ ನಿಂತು ನಡುಗುತ್ತಿತ್ತು.

ನಮ್ಮ ಕೈಯಲ್ಲಿರುವ ನಕ್ಷೆ ಊರನ್ನು ಹದ್ದಿನ ಕಣ್ಣಿನಿಂದ ನೋಡುತ್ತದೆ. ಅದಕ್ಕೆ ಕಟ್ಟಡವೆಂದರೆ ಬೂದುಬಣ್ಣದ ಒಂದು ಚೌಕ, ಮಾಳಿಗೆಯ ಅಂಚು. ಆ ಚೌಕಕ್ಕೆ ಅಂತಸ್ತುಗಳಿಲ್ಲ, ಮೆಟ್ಟಿಲಿಲ್ಲ, ಬಹಳ ಸಲ ಬಾಗಿಲೂ ಇಲ್ಲ. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಬೀದಿಗೆ ಒಂದೇ ಹೆಬ್ಬಾಗಿಲು, ಒಳಗೆ ಹನ್ನೊಂದು ಸಂಸಾರ. ಅಂಚೆಯಣ್ಣನಿಗೆ ನಂಬರು ಒಂದೇ ಆದರೂ ‘ಬಾವಿ ಎದುರು ಮೂರನೇ ಮನೆ’ ಎಂಬುದು ಅವರ ತಲೆಯಲ್ಲಿತ್ತು. ಶಿಂಜುಕು ಅಂಥದೇ ಒಂದು ಮಹಾ ವಠಾರ. ಐದು ರೈಲು ಸಂಸ್ಥೆಗಳು ಇಲ್ಲಿ ಒಂದರ ಪಕ್ಕ, ಒಂದರ ಕೆಳಗೆ ಸಂಸಾರ ಹೂಡಿವೆ. ನಿಲ್ದಾಣದ ಪೂರ್ವಕ್ಕೂ ಪಶ್ಚಿಮಕ್ಕೂ ಟಿಕೆಟ್ ಗೇಟು ದಾಟದೆ ನೇರ ನಡೆದುಹೋಗುವ ಅಗಲವಾದ ಹಾದಿ ತೆರೆದದ್ದೇ 2020ರಲ್ಲಿ. ಉಪಗ್ರಹದ ಸಂಕೇತ ಈ ಆಳಕ್ಕೆ ಇಳಿಯದು. ಆದ್ದರಿಂದ ಇಲ್ಲಿನ ಒಳನಕ್ಷೆ ಮಾಡುವವರು ಪ್ರತಿ ಅಂತಸ್ತನ್ನೂ ಬೇರೆ ಹಾಳೆಯಾಗಿ ಬಿಡಿಸಿ, ಮೆಟ್ಟಿಲು ಮತ್ತು ಲಿಫ್ಟುಗಳಿಂದ ಆ ಹಾಳೆಗಳನ್ನು ಒಂದಕ್ಕೊಂದು ಹೊಲಿಯಬೇಕು. ಒಂದು ಹೊಲಿಗೆ ತಪ್ಪಿದರೂ ಗಾಲಿಕುರ್ಚಿಯಲ್ಲಿ ಬಂದವರು ಮೆಟ್ಟಿಲ ಮುಂದೆ ನಿಂತುಬಿಡುತ್ತಾರೆ.

ಕೊನೆಗೆ ನನ್ನನ್ನು ಹೊರಗೆ ತಂದದ್ದು ಫೋನ್ ಅಲ್ಲ, ಕಾಲಡಿಯ ಹಳದಿ ಹಾಸು. ಉದ್ದ ಗೆರೆಗಳಿರುವ ಬಿಲ್ಲೆ ಎಂದರೆ ‘ನಡೆ’, ಗುಂಡು ಗುಬುಟುಗಳಿರುವ ಬಿಲ್ಲೆ ಎಂದರೆ ‘ನಿಲ್ಲು, ಗಮನಿಸು’. ನಮ್ಮ ಮೆಟ್ರೊ ನಿಲ್ದಾಣಗಳಲ್ಲೂ ಇದನ್ನು ತುಳಿದೇ ಓಡಾಡುತ್ತೇವೆ. ಕಣ್ಣು ಕಾಣದವರಿಗಾಗಿ ಇದನ್ನು ರೂಪಿಸಿದವರು ಜಪಾನಿನ ಸೇಯಿಚಿ ಮಿಯಾಕೆ, 1965ರಲ್ಲಿ. ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾ ಊರಿನಲ್ಲಿ. ನೆಲವೇ ನಕ್ಷೆಯಾಗಬಹುದು, ಪಾದವೇ ಓದಬಹುದು ಎಂಬ ಆ ಯೋಚನೆಯನ್ನು ಅಂದು ನಾನೂ ಪಾದದಿಂದಲೇ ಓದಿದೆ.

ಹೊರಗೆ ಬಂದರೂ ನೀಲಿ ಚುಕ್ಕಿಗೆ ನೆಲೆ ಸಿಗಲಿಲ್ಲ. ಪಶ್ಚಿಮ ಶಿಂಜುಕು ಗಗನಚುಂಬಿಗಳ ಕೇರಿ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಗೋಡೆಗೆ ಬಡಿದು ಹಲವು ಚಪ್ಪಾಳೆಯಾಗಿ ಮರಳುವುದಿಲ್ಲವೆ? ಇಲ್ಲಿ ಗಾಜಿನ ಗೋಡೆಗಳ ನಡುವೆ ಉಪಗ್ರಹದ ಸಂಕೇತಕ್ಕೂ ಅದೇ ಗತಿ. ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದಲೇ ಫೋನ್ ದೂರವನ್ನು ಲೆಕ್ಕಹಾಕುತ್ತದೆ. ಸುತ್ತುಬಳಸಿ ಬಂದ ಪ್ರತಿಧ್ವನಿಯನ್ನು ನೇರ ಬಂದದ್ದೆಂದು ನಂಬಿದರೆ ಚುಕ್ಕಿ ಪಕ್ಕದ ಬೀದಿಗೆ ಜಿಗಿಯುತ್ತದೆ. ಇದಕ್ಕೆ ಜಪಾನೀಯರು ಆಕಾಶದಲ್ಲೇ ಒಂದು ಉಪಾಯ ಹೂಡಿದ್ದಾರೆ. ‘ಮಿಚಿಬಿಕಿ’ ಎಂಬ ಉಪಗ್ರಹಗಳಲ್ಲಿ ಹೆಚ್ಚಿನವು ಎಂಟರ ಅಂಕಿಯಂಥ ಜಾಡಿನಲ್ಲಿ ಸುತ್ತುತ್ತ, ಸರದಿಯ ಮೇಲೆ ದಿನದ ಬಹುಪಾಲು ನೆತ್ತಿಯ ಹತ್ತಿರವೇ ಇರುತ್ತವೆ. ನೆತ್ತಿಯಿಂದ ಬಿದ್ದ ಬಿಸಿಲು ಇಕ್ಕಟ್ಟು ಓಣಿಯನ್ನೂ ಮುಟ್ಟುವಂತೆ ಅವುಗಳ ಸಂಕೇತ ಬೀದಿಯ ತಳಕ್ಕೆ ಇಳಿಯುತ್ತದೆ. ಮೊದಲನೆಯದು ಹಾರಿದ್ದು 2010ರಲ್ಲಿ. ನಾಲ್ಕು ಉಪಗ್ರಹಗಳ ಸೇವೆ ಶುರುವಾದದ್ದು 2018ರಲ್ಲಿ. ಮಿಚಿಬಿಕಿ ಎಂದರೆ ದಾರಿ ತೋರುವುದು ಎಂದರ್ಥ. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ಕುಳಿತು ನಮ್ಮ ನಾವಿಕ್ ಉಪಗ್ರಹಗಳನ್ನು ಕಾಯುವವರು ನೆನಪಾದರು. ಅವುಗಳಲ್ಲೂ ಕೆಲವು ಇಂಥದೇ ಎಂಟರ ಜಾಡಿನವು.

ಮರುದಿನ ನಿಶಿ-ಕಸಾಯಿಗೆ ಹೊರಟೆ. ಟೋಕಿಯೊದ ಪೂರ್ವದಂಚಿನ ಎದೊಗಾವಾ ವಾರ್ಡಿನ ಈ ಬಡಾವಣೆಯಲ್ಲಿ ಭಾರತೀಯರು ಬಹಳ. ನನ್ನ ಬಾಲ್ಯದ ಗೆಳೆಯನೂ ಅಲ್ಲಿದ್ದಾನೆ. ಅವನು ಕಳಿಸಿದ ವಿಳಾಸದಲ್ಲಿ ರಸ್ತೆಯ ಹೆಸರೇ ಇರಲಿಲ್ಲ! ನಗರ, ವಾರ್ಡು, ಬಡಾವಣೆ, ಆಮೇಲೆ ಮೂರು ಅಂಕಿಗಳು. ಇಲ್ಲಿ ಬಹುಪಾಲು ಬೀದಿಗಳಿಗೆ ಹೆಸರಿಲ್ಲ. ಹೆಸರು ಅಥವಾ ನಂಬರು ಇರುವುದು ಬೀದಿಗಳ ನಡುವಿನ ನೆಲದ ತುಂಡಿಗೆ. ‘ಎರಡನೇ ಮೇನ್, ಐದನೇ ಕ್ರಾಸ್, ಗಣಪತಿ ಗುಡಿ ಎದುರು’ ಎಂದು ಬೆಳೆದ ನನಗೆ ಇದು ಕಸೂತಿಯನ್ನು ಹಿಂಬದಿಯಿಂದ ನೋಡಿದಂತೆ ಆಯಿತು. ನಾವು ಗೆರೆಗಳಿಗೆ ಹೆಸರಿಟ್ಟೆವು, ಅವರು ಗೆರೆಗಳ ನಡುವಿನ ಖಾಲಿಗೆ. ವಿಳಾಸದ ಕ್ರಮವೂ ತಿರುಗುಮುರುಗು: ದೊಡ್ಡದರಿಂದ ಚಿಕ್ಕದಕ್ಕೆ, ಮೊದಲು ನಾಡು, ಕೊನೆಗೆ ಮನೆ.

ಆ ಮೂರು ಅಂಕಿಗಳ ಗುಟ್ಟನ್ನು ಗೆಳೆಯ ಬೀದಿಯಲ್ಲೇ ನಡೆಸಿಕೊಂಡು ಹೋಗಿ ತೋರಿಸಿದ. ಮೊದಲಿನದು ಬಡಾವಣೆಯ ಭಾಗ, ಎರಡನೆಯದು ಬ್ಲಾಕು, ಮೂರನೆಯದು ಮನೆ. ಹಿಂದೆಲ್ಲ ಜಮೀನಿನ ದಾಖಲೆಯ ನಂಬರೇ ಮನೆಯ ನಂಬರೂ ಆಗಿತ್ತು. ಜಮೀನು ಒಡೆದಂತೆಲ್ಲ ನಂಬರುಗಳು ಕಲಸಿಹೋಗಿ, ನಮ್ಮ ಹಳೇ ಪೇಟೆಗಳಲ್ಲಿ ‘ಹಳೇ ನಂಬರ್, ಹೊಸ ನಂಬರ್’ ಎಂದು ಪರದಾಡುವಂತೆ ಇಲ್ಲಿಯೂ ಆಗುತ್ತಿತ್ತು. 1962ರ ಕಾಯಿದೆ ಹೊಸ ರೀತಿಗೆ ದಾರಿ ಮಾಡಿತು. ಬ್ಲಾಕಿನ ಒಂದು ಮೂಲೆಯಿಂದ ಗಡಿಯಾರದ ಮುಳ್ಳಿನಂತೆ ಪ್ರದಕ್ಷಿಣೆ ಹೊರಟು, ಹತ್ತು ಹದಿನೈದು ಮೀಟರಿಗೊಂದರಂತೆ ಅಂಚಿನ ಸುತ್ತ ನಂಬರು ಹಾಕುತ್ತ ಹೋಗುವುದು. ಮನೆಯ ಮುಂಬಾಗಿಲು ಯಾವ ನಂಬರಿನ ಅಳತೆಯೊಳಗೆ ಬೀದಿಯ ಕಡೆ ತೆರೆಯುತ್ತದೋ ಅದೇ ಆ ಮನೆಯ ನಂಬರು.

“ಅಂದ್ರೆ ಬಾಗಿಲು ಬದಲಾಯಿಸಿದ್ರೆ ನಂಬರೂ ಬದಲಾಗುತ್ತೇನೋ?” ಎಂದೆ.

“ಆಗಬಹುದು ಕಣೋ. ಇಲ್ಲಿ ನಂಬರು ಗೋಡೆಗಲ್ಲ, ಬಾಗಿಲಿಗೆ” ಎಂದ.

ಆ ಮಾತು ಇಡೀ ಪ್ರವಾಸದಲ್ಲಿ ನನ್ನ ಜೊತೆಗೆ ನಡೆಯಿತು. ಊರಿನಲ್ಲಿ ಎಷ್ಟು ಸಲ ನಕ್ಷೆಯನ್ನು ನಂಬಿ ಹೋಗಿ ಹಿತ್ತಲ ಗೋಡೆಯ ಮುಂದೆ ನಿಂತಿದ್ದೇನೆ! ತಂತ್ರಾಂಶ ಕಟ್ಟಡದ ಚೌಕದ ನಡುವಿಗೆ ಒಂದು ಚುಕ್ಕಿ ಇಟ್ಟು, ಅದಕ್ಕೆ ಹತ್ತಿರದ ರಸ್ತೆಗೆ ನಮ್ಮನ್ನು ಒಯ್ದುಬಿಡುತ್ತದೆ. ಆ ರಸ್ತೆ ಹಿಂಬದಿಯದೂ ಆಗಿರಬಹುದು. ನಮ್ಮ ತಂದೆಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ಹಿಂದಿನ ಸಂದಿಯಲ್ಲಿ ಬಂದು ನಿಂತಿತ್ತು. ನಾನು ಚಪ್ಪಲಿಯಿಲ್ಲದೆ ಬೀದಿ ಸುತ್ತಿ ಓಡಿ ಅದನ್ನು ಕರೆತಂದೆ. ಅವರು ಉಳಿದರು. ಆದರೂ ಆ ಐದು ನಿಮಿಷ ಇಂದಿಗೂ ನನ್ನಲ್ಲಿ ಮುಗಿದಿಲ್ಲ.

ಗೆಳೆಯನ ಮನೆ ಒಂಬತ್ತನೇ ಅಂತಸ್ತಿನಲ್ಲಿ. ಅವನ ಹೆಂಡತಿ ಬಿಸಿಬೇಳೆಬಾತ್ ಬಡಿಸುತ್ತ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ನಕ್ಷೆಯನ್ನು ತೋರಿಸಿದರು. ಪ್ರವಾಹದ ಅಪಾಯ ಹೇಳಲು ವಾರ್ಡಿನ ಆಡಳಿತ 2019ರಲ್ಲಿ ಮನೆಮನೆಗೆ ಹಂಚಿದ್ದು. ಎದೊಗಾವಾದ ನೆಲದಲ್ಲಿ ನೂರಕ್ಕೆ ಸುಮಾರು 70 ಪಾಲು ಉಬ್ಬರದ ವೇಳೆಯ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ‘ಇಲ್ಲಿ ಇರಬೇಡಿ’ ಎಂಬ ಅರ್ಥದ ಮಾತನ್ನು ಮುಖಪುಟದಲ್ಲೇ ಅಚ್ಚುಮಾಡಿ ತನ್ನ ಪ್ರಜೆಗಳ ಕೈಗೆ ಕೊಟ್ಟ ಸ್ಥಳೀಯ ಆಡಳಿತವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ನೇರವಂತಿಕೆಗೆ ತಲೆಬಾಗಿದೆ. ಗೆಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದನ್ನು ತೆರೆದ. ಜಪಾನಿನ ಭೂಮಿ ಮತ್ತು ಸಾರಿಗೆ ಸಚಿವಾಲಯ 2020ರಲ್ಲಿ ಆರಂಭಿಸಿದ ‘ಪ್ಲಾಟೋ’ ಯೋಜನೆ. ಮೊದಲ ಹಂತದಲ್ಲೇ 56 ಊರುಗಳ ಕಟ್ಟಡಗಳನ್ನು ಎತ್ತರ ಸಮೇತ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಯಾರು ಬೇಕಾದರೂ ಬಳಸಿರೆಂದು ಬಿಟ್ಟುಕೊಟ್ಟಿದ್ದಾರೆ. ವಿವರಕ್ಕೆ ಮೆಟ್ಟಿಲುಗಳಿವೆ: ಮೊದಲ ಮೆಟ್ಟಿಲಲ್ಲಿ ಬರಿಯ ಪೆಟ್ಟಿಗೆ, ಎರಡನೆಯದರಲ್ಲಿ ಮಾಳಿಗೆಯ ಆಕಾರ, ಮೂರರಲ್ಲಿ ಕಿಟಕಿ ಬಾಗಿಲು, ನಾಲ್ಕರಲ್ಲಿ ಒಳಮನೆ. ಅದರ ಮೇಲೆ ಪ್ರವಾಹದ ಲೆಕ್ಕವನ್ನು ಹಾಸಿದಾಗ ನೀಲಿ ನೀರು ಪೆಟ್ಟಿಗೆಗಳ ನಡುವೆ ಏರಿತು. ಚಪ್ಪಟೆ ನಕ್ಷೆ ‘ಈ ಬೀದಿ ಮುಳುಗುತ್ತದೆ’ ಎನ್ನುತ್ತದೆ. ಇದು ‘ಯಾವ ಅಂತಸ್ತಿನವರೆಗೆ’ ಎಂಬುದನ್ನು ತೋರಿಸುತ್ತದೆ. ಒಂಬತ್ತನೆಯದು ಒಣಗಿಯೇ ಇತ್ತು. “ಆದ್ರೂ ಹೊರಗಿನ ನೀರು ಇಳಿಯೋಕೆ ಒಂದೆರಡು ವಾರ ಬೇಕಂತೆ. ಅಷ್ಟು ದಿನ ಲಿಫ್ಟು, ಕರೆಂಟು ಇರಲ್ಲವಲ್ಲ” ಎಂದರು ಅವನ ಹೆಂಡತಿ, ತುಪ್ಪ ಬಡಿಸುತ್ತ.

ಕ್ಯೋಟೊದಲ್ಲಿ ಬೀದಿಗಳಿಗೆ ಹೆಸರಿದೆ. 794ರಲ್ಲಿ ಚದುರಂಗದ ಹಾಸಿನಂತೆ ಗೆರೆ ಎಳೆದು ಕಟ್ಟಿದ ರಾಜಧಾನಿ ಅದು. ವಿಳಾಸ ಹೇಳುವಾಗ ಎರಡು ಬೀದಿಗಳು ಕೂಡುವ ಮೂಲೆ ಹೇಳಿ, ಅಲ್ಲಿಂದ ಉತ್ತರಕ್ಕಾದರೆ ‘ಮೇಲೇರಿ’, ದಕ್ಷಿಣಕ್ಕಾದರೆ ‘ಕೆಳಗಿಳಿದು’ ಎನ್ನುತ್ತಾರೆ. ಪೂರ್ವ ಪಶ್ಚಿಮಕ್ಕಾದರೆ ‘ಒಳಹೊಕ್ಕು’. ಅರಮನೆ ಉತ್ತರದಲ್ಲಿದ್ದುದರಿಂದ ಉತ್ತರವೇ ಮೇಲು. ಮೇಲಿನಕೇರಿ, ಕೆಳಗಿನಕೇರಿ ಎನ್ನುವ ನಮ್ಮ ಹಳ್ಳಿಯವರನ್ನು ಅಲ್ಲಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಊರು ಕಲಿತುಬಿಡುತ್ತಾರೆ. ಒಂದೇ ದೇಶದ ಎರಡು ಊರುಗಳಿಗೆ ಎರಡು ವ್ಯಾಕರಣ. ಎರಡನ್ನೂ ಅರಿತ ತಂತ್ರಾಂಶ ಮಾತ್ರ ಇಲ್ಲಿ ಬಾಳುತ್ತದೆ.

ಹಿರೋಶಿಮಾದಿಂದ ಕಡಲಂಚಿನ ರೈಲು ಹಿಡಿದು ಸಾಕಾ ಊರಿನ ಕೊಯಾಉರಾಕ್ಕೆ ಹೋದದ್ದು ಒಂದು ಕಲ್ಲನ್ನು ನೋಡಲು. 1907ರಲ್ಲಿ ಇಲ್ಲಿ ನೀರು ಮಣ್ಣು ನುಗ್ಗಿ ಜನ ಸತ್ತದ್ದನ್ನು ಕೊರೆದ ಕಲ್ಲು. ಊರವರಿಗೆ ಕಲ್ಲು ಇದ್ದದ್ದು ಗೊತ್ತಿತ್ತು, ಅದು ಹೇಳುತ್ತಿದ್ದುದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. 2018ರ ಮಳೆಗಾಲದಲ್ಲಿ ಗುಡ್ಡ ಮತ್ತೆ ಇಳಿಯಿತು, ಮತ್ತೆ ಜೀವಗಳು ಹೋದವು. ಮರುವರ್ಷವೇ ಜಪಾನಿನ ಸರ್ವೇ ಇಲಾಖೆ ಇಂಥ ಕಲ್ಲುಗಳಿಗಾಗಿ ನಕ್ಷೆಯಲ್ಲಿ ಹೊಸ ಚಿಹ್ನೆಯೊಂದನ್ನು ಸೇರಿಸಿತು. ದೇಗುಲ, ಶಾಲೆ, ಅಂಚೆಕಚೇರಿಗಳ ಸಾಲಿನಲ್ಲಿ ಈಗ ಕಲ್ಲೂ ಇದೆ. ನಮ್ಮ ಊರುಗಳ ಕೆರೆಏರಿಯ ಶಾಸನಗಳು, ಹುಣಸೆಮರದ ಬುಡದಲ್ಲಿ ಅರ್ಧ ಹೂತ ವೀರಗಲ್ಲುಗಳು ಕಣ್ಣಮುಂದೆ ಬಂದವು. ಆ ಬಿಸಿಲಿನಲ್ಲಿ ಕಲ್ಲು ಮುಟ್ಟಿದೆ. ಒಲೆಯ ಪಕ್ಕದ ಗೋಡೆಯಂತೆ ಬೆಚ್ಚಗಿತ್ತು.

ಕೊನೆಯ ನಿಲುಗಡೆ ಕಿತಾಕ್ಯೂಶು. ಇಲ್ಲಿನ ಝೆನ್‌ರಿನ್ ನಕ್ಷೆ ಸಂಗ್ರಹಾಲಯ 2020ರಲ್ಲಿ ತೆರೆದದ್ದು, 14ನೇ ಅಂತಸ್ತಿನಲ್ಲಿ. ಕಿಟಕಿಯಲ್ಲಿ ಕೊಕುರಾ ಕೋಟೆ ಕೈಗೆಟಕುವಷ್ಟು ಹತ್ತಿರ. ಝೆನ್‌ರಿನ್ ಎಂದರೆ ಒಳ್ಳೆಯ ನೆರೆ. 1948ರಲ್ಲಿ ಬೆಪ್ಪು ಎಂಬ ಬಿಸಿನೀರಿನ ಬುಗ್ಗೆಗಳ ಊರಲ್ಲಿ ಪ್ರವಾಸಿ ಪುಸ್ತಕ ಅಚ್ಚುಮಾಡಲು ಹುಟ್ಟಿದ ಸಂಸ್ಥೆ. ಪುಸ್ತಕಕ್ಕಿಂತ ಅದಕ್ಕೆ ಅಂಟಿಸಿದ ನಕ್ಷೆಯೇ ಜನರಿಗೆ ಹಿಡಿಸಿತು. ಅಂದಿನಿಂದ ಇದರ ಸರ್ವೇದಾರರು ಬೀದಿ ಬೀದಿ ನಡೆದು ಬಾಗಿಲ ಪಕ್ಕದ ನಾಮಫಲಕಗಳನ್ನು ಓದಿ, ಪ್ರತಿ ಮನೆಯ ಆಕಾರದೊಳಗೆ ಆ ಮನೆಯವರ ಹೆಸರನ್ನು ಬರೆದರು. ಅಗ್ನಿಶಾಮಕದವರಿಗೆ, ಅಂಚೆಯವರಿಗೆ ಅದು ಕೈದೀಪ. ನನಗೆ ಆ ಪುಟಗಳನ್ನು ತಿರುವುವಾಗ ಸ್ವಲ್ಪ ಮುಜುಗರವೂ ಆಯಿತು. ಯಾರ ಮನೆ ಎಲ್ಲಿದೆ ಎಂಬುದು ಕೇರಿಯ ತಿಳಿವಳಿಕೆಯಾಗಿರುವುದೇ ಬೇರೆ, ಪುಸ್ತಕದ ಸರಕಾಗುವುದೇ ಬೇರೆ.

ನೆಲದ ಮೇಲೆ ಇನೋ ತದಾತಕಾನ ನಕ್ಷೆಯ ಪ್ರತಿ ಹಾಸಿತ್ತು. ಐವತ್ತೈದರ ಈ ವ್ಯಾಪಾರಿ ಮನೆಯ ಯಜಮಾನಿಕೆ ಮಗನಿಗೆ ಕೊಟ್ಟು, 1800ರಲ್ಲಿ ಹೆಜ್ಜೆ ಎಣಿಸುತ್ತ ಹೊರಟು, ಹದಿನೇಳು ವರ್ಷ ಜಪಾನಿನ ತೀರವನ್ನೆಲ್ಲ ಅಳೆದ. ನಕ್ಷೆ ಮುಗಿದದ್ದು 1821ರಲ್ಲಿ, ಅವನು ತೀರಿಕೊಂಡು ಮೂರು ವರ್ಷದ ಮೇಲೆ. ಅದೇ 1800ರಲ್ಲಿ ಬ್ರಿಟಿಷ್ ಸರ್ವೇದಾರ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಮೈಸೂರು ಸೀಮೆಯ ಅಳತೆಗೆ ಮೊದಲ ಗೆರೆ ಎಳೆಯುತ್ತಿದ್ದ. ಒಬ್ಬನಿಗೆ ಸರಪಳಿಯ ಹಿಂದೆ ಸೈನ್ಯವಿತ್ತು, ಇನ್ನೊಬ್ಬನಿಗೆ ಆರಂಭದಲ್ಲಿ ಸ್ವಂತ ದುಡ್ಡು. ಆ ನಕ್ಷೆಯ ಸುತ್ತ ಮೂರು ಸಲ ನಡೆದೆ.

ಆ ರಾತ್ರಿ ಹೋಟೆಲಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಮೈಸೂರಿಗೆ ಇಳಿದೆ. ನಮ್ಮ ಬೀದಿ ಇತ್ತು, ಗುಡಿ ಇತ್ತು, ಅಮ್ಮ ಈಗಲೂ ಇರುವ ಮನೆಯ ಚೌಕವೂ ಇತ್ತು, ಬಾಗಿಲಿಲ್ಲದೆ. ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ನಮ್ಮ ಮುಂಬಾಗಿಲು ಮನೆಯ ನಡುವಿಗಿದೆಯೋ, ಬಡಗಣ ಮೂಲೆಗೋ?”

“ಎಂಥಾ ಪ್ರಶ್ನೆನೋ ಇದು! ಬಡಗಣಕ್ಕೇ ಅಲ್ವೇನೋ. ದಾಸವಾಳದ ಗಿಡ ಇದೆಯಲ್ಲ, ಅದರ ಪಕ್ಕ. ಊಟ ಆಯ್ತಾ?”

ಆಯಿತು ಎಂದೆ. ಚೌಕದ ಪೂರ್ವದಂಚಿನಲ್ಲಿ, ಬಡಗಣ ಮೂಲೆಗೆ ಒತ್ತಿ, ಒಂದು ಚುಕ್ಕಿ ಇಟ್ಟು ಮುಖ್ಯ ಬಾಗಿಲು ಎಂದು ಗುರುತು ಹಾಕಿದೆ. ಹೆಸರು ಬರೆಯಲಿಲ್ಲ. ಆಮೇಲೆ ಪಕ್ಕದ ಮನೆಯ ಚೌಕಕ್ಕೆ ಹೋದೆ. ಅವರದು ತೆಂಕಣಕ್ಕೆ, ತುಳಸಿಕಟ್ಟೆಯ ಎದುರು ಎಂದು ನನಗೇ ನೆನಪಿತ್ತು.